ಅವಳ ನಾಲ್ಕು, ನನ್ನ ಎರಡು

ನನ್ನ ತಂಗಿ ಒಂದು ಬೆಡ್‌ಶೀಟ್ ನೋಡಿ ಅದು ಯಾವ ವಾರ್ಡಿನದು ಅಂತ ಹೇಳಬಲ್ಲಳು. ಹೆರಿಗೆ ವಾರ್ಡಿನದಕ್ಕೆ ಒಂದು ಬಗೆಯ ಕಲೆ, ಮಕ್ಕಳ ವಾರ್ಡಿನದಕ್ಕೆ ಇನ್ನೊಂದು ಬಗೆ. ಮೂಳೆ ವಾರ್ಡಿನದರ ಅಂಚು ಮಂಚದ ಕಬ್ಬಿಣಕ್ಕೆ ಸಿಕ್ಕಿ ಹರಿದಿರುತ್ತದೆ. ದೊಡ್ಡಾಸ್ಪತ್ರೆಯ ನೆಲಮಾಳಿಗೆಯಲ್ಲಿ ಬಟ್ಟೆ ಕೋಣೆ. ಒಗೆದು ಬಂದದ್ದನ್ನೆಲ್ಲ ಮಡಿಚಿ, ವಾರ್ಡಿನ ಪ್ರಕಾರ ಜೋಡಿಸಿ ಮೇಲಕ್ಕೆ ಕಳಿಸುವುದು ಇಪ್ಪತ್ತೆರಡು ವರ್ಷದಿಂದ ಅವಳ ಕೆಲಸ. ಬೆಡ್‌ಶೀಟಿನ ಒಂದು ತುದಿಯನ್ನು ಗಲ್ಲದ ಕೆಳಗೆ ಒತ್ತಿ ಹಿಡಿದು, ಎರಡೂ ಕೈ ಚಾಚಿ, ಕಣ್ಣು ಮಿಟುಕಿಸುವಷ್ಟರಲ್ಲಿ ಮಡಿಚಿಬಿಡುತ್ತಾಳೆ. ಗಲ್ಲಕ್ಕೆ ಕೆಲಸ ಇರುವಷ್ಟು ಹೊತ್ತು ಬಾಯಿ ಸುಮ್ಮನಿರುತ್ತದೆ. ಇಲ್ಲದಿದ್ದರೆ ಅವಳ ಬಾಯಿಗೆ ಬೀಗ ಹಾಕುವವರು ಹುಟ್ಟಿಲ್ಲ.

ನಾನು ಅವಳಿಗಿಂತ ಎರಡು ವರ್ಷ ದೊಡ್ಡವಳು. ನಾನು ಹತ್ತನೆಯಲ್ಲಿ, ಅವಳು ಎಂಟನೆಯಲ್ಲಿ ಇದ್ದಾಗ ಅಮ್ಮ ಹಾಸಿಗೆ ಹಿಡಿದಳು. ಮನೆಯಲ್ಲಿ ಒಬ್ಬರು ಇರಲೇಬೇಕಾಯಿತು. ಅಪ್ಪ ಇಬ್ಬರನ್ನೂ ಎದುರಿಗೆ ಕೂರಿಸಿಕೊಂಡು, ದೊಡ್ಡದಕ್ಕೆ ತಲೆ ಇದೆ, ಚಿಕ್ಕದಕ್ಕೆ ಕೈ ಇದೆ ಅಂದರು. ಅಷ್ಟೇ ತೀರ್ಪು. ಮಾರನೆಯ ದಿನದಿಂದ ನಾನು ಶಾಲೆಗೆ, ಅವಳು ಒಲೆಗೆ. ಹದಿನೈದು ವರ್ಷದ ಹುಡುಗಿ ಅಪ್ಪನ ಎದುರು ಏನು ತಾನೇ ಮಾತಾಡುತ್ತಾಳೆ ಅಂತ ನನಗೆ ನಾನೇ ಎಷ್ಟೋ ಸಲ ಹೇಳಿಕೊಂಡಿದ್ದೇನೆ. ನಿಜ ಹೇಳಬೇಕೆಂದರೆ ಅವತ್ತು ನನಗೆ ಖುಷಿಯಾಗಿತ್ತು.

ಓದಿದೆ, ಒಂದು ಮುದ್ರಣಾಲಯದಲ್ಲಿ ಪ್ರೂಫ್ ನೋಡುವ ಕೆಲಸ ಸಿಕ್ಕಿತು. ಕೆಳಗೆ ಯಂತ್ರ ಓಡುವಾಗ ಮೇಲೆ ನನ್ನ ಮೇಜು ಗಡಗಡ ಅನ್ನುತ್ತದೆ, ನಾನು ಕೆಂಪು ಪೆನ್ನು ಹಿಡಿದು ಊರಿನವರ ತಪ್ಪನ್ನೆಲ್ಲ ತಿದ್ದುತ್ತೇನೆ. ನಮ್ಮ ಸೋದರಮಾವ ನನಗೆ ‘ನಿಘಂಟು’ ಅಂತ ಹೆಸರಿಟ್ಟರು. ಯಾರಾದರೂ ಒಂದು ಪದಕ್ಕೆ ತಡವರಿಸಿದರೆ, ನಿಘಂಟನ್ನು ಕೇಳಿ ಅನ್ನುತ್ತಿದ್ದರು. ಮೂಗು ಮುರಿಯುವ ಹಾಗೆ ನಟಿಸುತ್ತಿದ್ದೆನೇ ಹೊರತು ಒಳಗೆ ಉಬ್ಬಿ ಹೋಗುತ್ತಿದ್ದೆ.

ಆಟ ತಂದವಳು ತಂಗಿಯೇ. ವಾರ್ಡಿನ ನರ್ಸ್ ಒಬ್ಬಳು ಅವಳ ಫೋನಿಗೆ ಹಾಕಿಕೊಟ್ಟಿದ್ದಳು. ದಿನಕ್ಕೊಂದೇ ಪದ, ಎಲ್ಲರಿಗೂ ಅದೇ ಪದ, ಊಹಿಸಲು ಆರು ಅವಕಾಶ. ಅಕ್ಷರ ಸರಿಯಾದ ಜಾಗದಲ್ಲಿದ್ದರೆ ಹಸಿರು, ಜಾಗ ತಪ್ಪಿದ್ದರೆ ಹಳದಿ, ಪದದಲ್ಲಿ ಇಲ್ಲವೇ ಇಲ್ಲದಿದ್ದರೆ ಬೂದು. ಕೊನೆಗೆ ಬಣ್ಣದ ಚೌಕಗಳನ್ನು ಮಾತ್ರ ನಾಲ್ಕು ಜನಕ್ಕೆ ತೋರಿಸಬಹುದು. ಅವಳು ಬೆಳಿಗ್ಗೆ ಬಸ್ಸಿನಲ್ಲಿ ಒಂದು ಊಹೆ, ಚಹಾ ಹೊತ್ತಿಗೆ ಒಂದು, ಊಟದ ಬಿಡುವಿನಲ್ಲಿ ಒಂದು, ಹೀಗೆ ದಿನವಿಡೀ ಬಟ್ಟೆ ಮಡಿಚುತ್ತಾ ತಲೆಯಲ್ಲೇ ಅಕ್ಷರ ಹೊರಳಿಸುತ್ತಿದ್ದಳು. ಯಾರನ್ನೂ ಕೇಳುತ್ತಿರಲಿಲ್ಲ. ಕುಟುಂಬದ ವಾಟ್ಸಾಪ್ ಗುಂಪಿನಲ್ಲಿ ಅವಳ ಚೌಕಗಳು ಬಿದ್ದವು, ನಾಲ್ಕನೇ ಸಲಕ್ಕೆ ಗೆಲುವು. ತಕ್ಷಣ ಮಾವನ ಮಾತು ಬಂತು, ಇನ್ನು ನಮ್ಮ ನಿಘಂಟು ಆಡಲಿ, ನೋಡೋಣ ಅಂತ.

ಆಡಿದೆ. ಆರಕ್ಕೆ ಆರೂ ಹೋಯಿತು. ಬರೆದಿಟ್ಟದ್ದರಲ್ಲಿ ತಪ್ಪು ಹುಡುಕುವುದು ಬೇರೆ, ಬರೀ ಖಾಲಿ ಚೌಕಗಳಲ್ಲಿ ಪದ ಹುಡುಕುವುದು ಬೇರೆ ಅಂತ ಐವತ್ತನೇ ವಯಸ್ಸಿಗೆ ಗೊತ್ತಾಯಿತು. ಅವತ್ತು ನೆಟ್‌ವರ್ಕ್ ಸರಿ ಇಲ್ಲ ಅಂತ ಬರೆದು ಕೂತೆ. ಮಾರನೆಯ ದಿನ ನಮ್ಮ ಯಜಮಾನರು ವಾಕಿಂಗಿಗೆ ಹೋದಾಗ ಅವರ ಫೋನು ಚಾರ್ಜಿಗಿತ್ತು. ಅದಕ್ಕೂ ಆಟ ಹಾಕಿಕೊಂಡು ಮೊದಲು ಅದರಲ್ಲಿ ಆಡಿದೆ. ಸೋತರೂ ಕೊನೆಗೆ ಉತ್ತರ ತೋರಿಸುತ್ತದಲ್ಲ, ಆಮೇಲೆ ನನ್ನದರಲ್ಲಿ ಆಡಿದೆ. ಒಂದೇ ಸಲಕ್ಕೆ ಹೊಡೆದರೆ ಅನುಮಾನ ಬರುತ್ತದೆಂದು ಮೊದಲು ಒಂದು ತಪ್ಪು ಪದ ಹಾಕಿ, ಎರಡನೆಯದರಲ್ಲಿ ಗೆದ್ದೆ. ನನ್ನ ತಂಗಿಯ ನಾಲ್ಕರ ಕೆಳಗೆ ನನ್ನ ಎರಡು. ಮಾವ ನನ್ನನ್ನು ಅಟ್ಟಕ್ಕೇರಿಸಿದರು. ತಂಗಿ ಚಪ್ಪಾಳೆಯ ಚಿತ್ರ ಕಳಿಸಿದಳು.

ಒಂದು ದಿನ ಅಂತ ಶುರುವಾದದ್ದು ನಾಲ್ಕು ತಿಂಗಳು ನಡೆಯಿತು. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗೆ, ಅಡುಗೆಮನೆಯ ಬಾಗಿಲು ಅರ್ಧ ಹಾಕಿಕೊಂಡು ದಿನಾ ಅದೇ ಕೆಲಸ. ಯಜಮಾನರಿಗೆ ಆ ಫೋನು ಇರುವುದು ಮಾತಾಡುವುದಕ್ಕೆ, ಅದರಲ್ಲಿ ಆಟ ಇದೆ ಅಂತಲೂ ಅವರಿಗೆ ಗೊತ್ತಿಲ್ಲ.

ಈ ನಡುವೆ ಬಟ್ಟೆ ಕೋಣೆಯ ಮೇಲ್ವಿಚಾರಕಿ ನಿವೃತ್ತಿಯಾಗುವವರಿದ್ದರು. ಆ ಜಾಗಕ್ಕೆ ನನ್ನ ತಂಗಿಯನ್ನು ಬಿಟ್ಟರೆ ಇನ್ನೊಬ್ಬರಿಲ್ಲ, ಆದರೆ ಹತ್ತನೇ ತರಗತಿ ಪಾಸಾಗಿರಬೇಕು ಅಂತ ನಿಯಮ. ಹೊರಗಿನಿಂದ ಪರೀಕ್ಷೆ ಕಟ್ಟಬಹುದು ಎಂದು ಕಚೇರಿಯ ಗುಮಾಸ್ತರೇ ಅರ್ಜಿ ತಂದುಕೊಟ್ಟಿದ್ದರು. ಆಟ ಶುರುಮಾಡಿದ ಹೊಸತರಲ್ಲಿ ಅವಳು ಅದನ್ನು ತುಂಬಿ ನನಗೆ ತೋರಿಸಲು ಬಂದಿದ್ದಳು. ಗಣಿತ ಕಬ್ಬಿಣದ ಕಡಲೆ, ಆದರೆ ಅಕ್ಷರಗಳು ಇನ್ನೂ ನನ್ನ ಮಾತು ಕೇಳುತ್ತವೆ ಎಂದು ನಕ್ಕಿದ್ದಳು. ಅರ್ಜಿಯಲ್ಲಿ ಹುಡುಕಿದರೂ ಒಂದು ತಪ್ಪು ಸಿಗಲಿಲ್ಲ.

ಕೊನೆಯ ದಿನಕ್ಕೆ ಮೂರು ದಿನ ಇರುವಾಗ, ಭಾನುವಾರ, ಮನೆಗೆ ಬಂದಳು. ಅರ್ಜಿ ಕೊಟ್ಟೆಯಾ ಅಂತ ಕೇಳಿದೆ. ಇಲ್ಲ ಅಂದಳು. ಕೆಲಸ ಜಾಸ್ತಿಯಾಯಿತೇನೋ ಅಂದುಕೊಂಡೆ.

‘ಕೊಡಲ್ಲ ಅಕ್ಕ. ಯೋಚನೆ ಮಾಡಿದೆ,’ ಅಂದಳು. ‘ಅದೇ ಪದ, ನಂಗೆ ನಾಲ್ಕು ಬೇಕು, ಐದು ಬೇಕು. ನೀನು ದಿನಾ ಎರಡರಲ್ಲಿ ಮುಗಿಸ್ತೀಯ. ಒಂದು ದಿನ ಆದ್ರೆ ಅದೃಷ್ಟ ಅನ್ನಬಹುದು, ನಾಲ್ಕು ತಿಂಗಳು ಅದೃಷ್ಟ ಇರುತ್ತಾ? ಅಪ್ಪ ಸರಿಯಾಗೇ ಆರಿಸಿದ್ರು. ಇಷ್ಟು ವರ್ಷ ಒಳಗೊಳಗೇ ಅವರ ಮೇಲೆ ಸಿಟ್ಟಿತ್ತು ನಂಗೆ. ಈಗಿಲ್ಲ.’

ಅವಳ ಮುಖದಲ್ಲಿ ಬೇಸರ ಇರಲಿಲ್ಲ. ಅಲ್ಲೇ ಹೇಳಿಬಿಡಬೇಕಿತ್ತು. ಯಜಮಾನರು ಪಕ್ಕದ ಕುರ್ಚಿಯಲ್ಲಿದ್ದರು, ಫೋನು ಅವರ ಜೇಬಿನಲ್ಲಿತ್ತು. ಆಟ ಬೇರೆ, ಪರೀಕ್ಷೆ ಬೇರೆ, ಹುಚ್ಚುಹುಚ್ಚಾಗಿ ಆಡಬೇಡ ಎಂದು ಬುದ್ಧಿ ಹೇಳಿ ಕಳಿಸಿದೆ. ನಾನು, ಅವಳಿಗೆ, ಬುದ್ಧಿ!

ಇನ್ನೂ ನಾಚಿಕೆಗೇಡಿನದು ಮುಂದಿದೆ. ಸೋಮವಾರ ಬೆಳಿಗ್ಗೆ ಮತ್ತೆ ಯಜಮಾನರ ಫೋನು ತೆಗೆದೆ. ಉತ್ತರ ತಿಳಿದುಕೊಂಡು, ನನ್ನದರಲ್ಲಿ ಬೇಕಂತಲೇ ಐದು ತಪ್ಪು ಪದ ಹಾಕಿ ಆರನೆಯದರಲ್ಲಿ ಗೆದ್ದೆ. ನಾನೂ ಎಡವುತ್ತೇನೆ ಎಂದು ಕಂಡರೆ ಅವಳಿಗೆ ಧೈರ್ಯ ಬರಬಹುದು, ನನ್ನ ಮಾನವೂ ಉಳಿಯಬಹುದು ಅಂತ ಲೆಕ್ಕ. ನಿಘಂಟಿನ ಹಾಳೆ ಹರಿದಿದೆ ಎಂದು ಮಾವ ನಕ್ಕರು. ತಂಗಿ ನಗಲಿಲ್ಲ. ಬೇರೆಯಾಗಿ ನನಗೊಬ್ಬಳಿಗೇ ಬರೆದಳು, ಹುಷಾರಿಲ್ಲವಾ ಅಕ್ಕ, ಜ್ವರವಾ, ಸಂಜೆ ಬರಲಾ ಅಂತ. ಅದನ್ನು ಓದಿ ಮೇಜಿನ ಮೇಲೆ ತಲೆ ಇಟ್ಟೆ. ಭೂಮಿ ಬಾಯಿ ಬಿಡಬಾರದೇ ಅಂತ ಜನ ಯಾಕೆ ಅನ್ನುತ್ತಾರೆ ಅಂತ ಆಗ ತಿಳಿಯಿತು.

ಬುಧವಾರ ಕೊನೆಯ ದಿನ, ನಾಲ್ಕು ಗಂಟೆಯವರೆಗೆ ಸಮಯ. ಮಧ್ಯಾಹ್ನ ರಜೆ ಹಾಕಿ, ಒಂದು ಸುಳ್ಳು ಹೇಳಿ ಯಜಮಾನರ ಫೋನು ತೆಗೆದುಕೊಂಡು, ಆಸ್ಪತ್ರೆಯ ನೆಲಮಾಳಿಗೆಗೆ ಇಳಿದೆ. ಇಷ್ಟು ವರ್ಷದಲ್ಲಿ ಅಲ್ಲಿಗೆ ಹೋದದ್ದು ಅದು ಎರಡನೆಯದೋ ಮೂರನೆಯದೋ ಸಲ. ಗೋಡೆಯುದ್ದಕ್ಕೂ ಸೂರಿನವರೆಗೆ ಬಿಳಿ ಬಟ್ಟೆಯ ಅಟ್ಟಿ, ಬಿಸಿ ಗಾಳಿ, ಸೋಪಿನ ಘಾಟು. ತಂಗಿ ಒಬ್ಬಳೇ ಇದ್ದಳು. ನನ್ನನ್ನು ನೋಡಿ ಜ್ವರ ಬಿಟ್ಟಿತಾ ಅಕ್ಕ ಅಂದಳು.

ಜ್ವರ ಇರಲಿಲ್ಲ ಅಂದೆ. ಮೊದಲ ದಿನದಿಂದ ಸೋಮವಾರದವರೆಗೆ ಎಲ್ಲವನ್ನೂ ಹೇಳಿದೆ. ಅವಳು ಗಲ್ಲದಡಿ ಬಟ್ಟೆ ಹಿಡಿದು ಮಡಿಚುತ್ತಲೇ ಕೇಳಿದಳು. ತಮಾಷೆ ಮಾಡ್ತಿದ್ದೀಯ ಅಕ್ಕ ಅಂದಳು. ಅವಳನ್ನು ಸಮಾಧಾನ ಮಾಡಲು ನಾನು ಕಥೆ ಕಟ್ಟುತ್ತಿದ್ದೇನೆ ಅಂತಲೇ ಅವಳ ನಂಬಿಕೆ. ಆಗ ಯಜಮಾನರ ಫೋನು ತೆಗೆದು ಆಟದ ಕೊನೆಯಲ್ಲಿ ಬರುವ ಪುಟ ತೋರಿಸಿದೆ. ಆಡಿದ್ದು ನೂರಾ ಹನ್ನೆರಡು ದಿನ, ಸೋತದ್ದು ಇಪ್ಪತ್ತಮೂರು. ಗೆದ್ದವುಗಳಲ್ಲಿ ಹೆಚ್ಚಿನವು ಐದರಲ್ಲಿ, ಆರರಲ್ಲಿ. ಎರಡರಲ್ಲಿ ಗೆದ್ದದ್ದು ಒಂದೇ ಒಂದು ಸಲ. ನನ್ನ ಫೋನಿಗೆ ಸುಳ್ಳು ಕಲಿಸಿದ್ದೆ, ಆದರೆ ಆ ಫೋನು ನನ್ನ ನಿಜವನ್ನು ಒಂದು ದಿನವೂ ಬಿಡದೆ ಇಟ್ಟುಕೊಂಡಿತ್ತು.

ಅವಳು ಬಟ್ಟೆ ಕೆಳಗಿಟ್ಟಳು. ತನ್ನ ಫೋನು ತೆಗೆದು ಅದರ ಪಕ್ಕ ಇಟ್ಟಳು. ನೂರಾ ಇಪ್ಪತ್ತು ದಿನದಲ್ಲಿ ಅವಳು ಸೋತದ್ದು ನಾಲ್ಕೇ. ಎರಡರಲ್ಲಿ ಒಂಬತ್ತು ಸಲ ಗೆದ್ದಿದ್ದಳು. ಒಂದರ ಮೇಲೆ ಬೆರಳಿಟ್ಟು, ಇನ್ನೊಂದರ ಮೇಲೆ ಬೆರಳಿಟ್ಟು, ಸಾಲುಸಾಲಾಗಿ ಎರಡು ಸಲ ಓದಿದಳು.

ಅವಳಿಗೆ ಖುಷಿಯಾಗುತ್ತದೆ ಅಂತ ನಾನು ಅಂದುಕೊಂಡಿದ್ದೆ. ನಾಚಿಕೆಯಲ್ಲಿ ಮುಳುಗಿದ್ದಾಗಲೂ ಮನುಷ್ಯನಿಗೆ ಎಷ್ಟು ಆಸೆ ನೋಡಿ. ಏನೋ ಉಡುಗೊರೆ ತಂದವಳ ಹಾಗೆ, ನೋಡು, ನನಗಿಂತ ನಿನ್ನ ತಲೆಯೇ ಚುರುಕು ಎಂದೆ.

‘ನಂಗೆ ಯಾವತ್ತೂ ಅನ್ನಿಸ್ತಿತ್ತು,’ ಅಂದಳು. ಧ್ವನಿ ಏರಲಿಲ್ಲ. ‘ಚಿಕ್ಕವಳಿದ್ದಾಗಿಂದ. ಹೊಟ್ಟೆಕಿಚ್ಚು ಅಂತ ನನ್ನನ್ನೇ ಬೈಕೊಂಡು ಬದುಕಿದೀನಿ. ಮೂವತ್ತೈದು ವರ್ಷ ಆದ್ಮೇಲೆ ಹೋದ ತಿಂಗಳು ಅಪ್ಪನ್ನ ಕ್ಷಮಿಸಿದ್ದೆ. ಹಗುರವಾಗಿತ್ತು. ಈಗ ಅದನ್ನೂ ತಗೊಂಡೆ ನೀನು.’

ಶಾಲೆ ತಗೊಂಡಿದ್ದೆ, ಅದಕ್ಕೆ ಅಪ್ಪನ ಹೆಸರು ಹೇಳಬಹುದಿತ್ತು. ಇದಕ್ಕೆ ಯಾರ ಹೆಸರೂ ಇಲ್ಲ.

ಗಂಟೆ ಎಷ್ಟು ಎಂದು ಕೇಳಿದಳು. ಮೂರು ಇಪ್ಪತ್ತು. ದಿಂಬಿನ ಚೀಲಗಳ ಕಪಾಟು ತೆಗೆದು, ಅಟ್ಟಿಯ ಕೆಳಗಿನಿಂದ ಅರ್ಜಿ ಎಳೆದಳು. ಫೋಟೊ ಅಂಟಿಸಿತ್ತು, ಸಹಿಯೂ ಆಗಿತ್ತು. ಪರೀಕ್ಷೆಯ ಅರ್ಜಿ ಕೊಡುವ ಕಚೇರಿ ಎರಡು ಬೀದಿಯಾಚೆ. ನಾನೂ ಬರುತ್ತೇನೆ ಅಂದೆ. ಬೇಡ, ಯಾರಾದರೂ ಬಟ್ಟೆ ಕೇಳಲು ಬಂದರೆ ಹತ್ತು ನಿಮಿಷ ನಿಲ್ಲಲು ಹೇಳು ಅಂದು ಚಪ್ಪಲಿ ಮೆಟ್ಟಿಕೊಂಡು ಹೋದಳು.

ಕೂರಲು ಮನಸ್ಸಾಗಲಿಲ್ಲ, ನಿಂತೇ ಇದ್ದೆ. ಯಾರೂ ಬರಲಿಲ್ಲ. ನಾಲ್ಕಕ್ಕೆ ಐದು ನಿಮಿಷ ಇರುವಾಗ ಅವಳು ಬಂದಳು, ಹಣೆ ಬೆವರಿತ್ತು. ಕೈಯಲ್ಲಿ ರಸೀದಿ. ಅದನ್ನು ಎರಡು ಮಡಿಕೆ ಮಾಡಿ ರವಿಕೆಯೊಳಗೆ ಇಟ್ಟುಕೊಂಡಳು.

‘ಕೊಟ್ಟೆ,’ ಅಂದಳು. ಮೇಜಿನ ಮೇಲಿದ್ದ ಯಜಮಾನರ ಫೋನನ್ನು ನನ್ನ ಕಡೆ ಸರಿಸಿದಳು. ‘ಕತ್ತಲಾಗೋ ಮುಂಚೆ ಮನೆಗೆ ಹೋಗು.’

ನಾನು ಬಾಗಿಲ ಹತ್ತಿರ ಇನ್ನೂ ಸ್ವಲ್ಪ ಹೊತ್ತು ನಿಂತೆ. ಅವಳಿಗೆ ಮಾತು ಬಂದಾಗಿನಿಂದ, ಬೈಯುವಾಗಲೂ ಸಹ, ಅವಳ ಮಾತಿನಲ್ಲೊಂದು ‘ಅಕ್ಕ’ ಇದ್ದೇ ಇರುತ್ತಿತ್ತು. ಅದು ಬರುತ್ತದೇನೋ ಅಂತ ಕಾದೆ. ಅವಳು ಮುಂದಿನ ಬೆಡ್‌ಶೀಟ್ ತೆಗೆದು ಗಲ್ಲದಡಿ ಒತ್ತಿಕೊಂಡಳು.