ತೊಗಟೆ ಹಕ್ಕಿಯ ಮರ

ಅವನನ್ನು ಊರೆಲ್ಲ ಉಡ ಎಂದೇ ಕರೆಯುತ್ತಿತ್ತು. ಮರಕ್ಕೆ ಒಮ್ಮೆ ಅಂಟಿಕೊಂಡರೆ ಬಿಡುವ ಪೈಕಿ ಅಲ್ಲ. ಒಣಗಿದ ಮರವನ್ನು ತುದಿಯಿಂದ ತುಂಡು ತುಂಡಾಗಿ ಇಳಿಸುವುದು ಅವನ ಕಸುಬು. ಅವನು ಸೊಂಟಕ್ಕೆ ಗರಗಸ ಸಿಕ್ಕಿಸಿಕೊಂಡು ಹತ್ತಿದರೆ ಹೆಂಡತಿ ಕೆಳಗೆ ಹಗ್ಗ ಹಿಡಿದು ನಿಲ್ಲುತ್ತಿದ್ದಳು. ಸಂಸಾರವೂ ಹೆಚ್ಚುಕಡಿಮೆ ಹಾಗೇ ನಡೆದಿತ್ತು. ಒಂದು ದಿನ, ಗಟ್ಟಿಯೆಂದು ನಂಬಿದ ಕೊಂಬೆ ಕೈಕೊಟ್ಟಿತು. ಜೀವ ಉಳಿಯಿತು, ಸೊಂಟದ ಕೆಳಗೆ ಸ್ವಾಧೀನ ಉಳಿಯಲಿಲ್ಲ.

ಅಂದಿನಿಂದ ಅವನ ಲೋಕವೆಂದರೆ ಕಿಟಕಿ ಪಕ್ಕದ ಮಂಚ, ಕಿಟಕಿಯಾಚೆ ಹಿತ್ತಲಿನ ಮುದಿ ಮರ. ಬಹಳ ದಿನ ಆ ಮರವನ್ನು ಹಗೆಯಂತೆ ನೋಡಿದ. ಆಮೇಲೆ ಹಕ್ಕಿ ಕಣ್ಣಿಗೆ ಬಿತ್ತು.

ಹಕ್ಕಿಯೆಂದರೆ ಹೇಳಿಕೊಳ್ಳುವಂಥದ್ದೇನಲ್ಲ. ಮುಷ್ಟಿಯಲ್ಲಿ ಅಡಗುವಷ್ಟು ಮೈ, ಬೆನ್ನು ತೊಗಟೆಯದೇ ಬಣ್ಣ. ಅಲುಗದಿದ್ದರೆ ಇರುವುದೇ ಗೊತ್ತಾಗದು. ಗಂಡಹೆಂಡಿರು ಅದಕ್ಕೆ ತೊಗಟೆ ಹಕ್ಕಿ ಎಂದು ಹೆಸರಿಟ್ಟರು. ಬುಡದಿಂದ ಶುರುಮಾಡಿ, ಗಡುಸು ಬಾಲವನ್ನು ಕಾಂಡಕ್ಕೆ ಊರಿಕೊಂಡು, ಸುತ್ತುತ್ತ ಸುತ್ತುತ್ತ ಮೇಲೇರುವುದು. ಬಾಗಿದ ಕೊಕ್ಕನ್ನು ಬಿರುಕಿಗೆ ತೂರಿಸಿ ಹುಳ, ಜೇಡ ಹೆಕ್ಕುವುದು. ಮೇಲೆ ತಲುಪಿದ ಮೇಲೆ ಕಾಂಡ ಹಿಡಿದು ಇಳಿಯುವ ಮಾತೇ ಇಲ್ಲ. ಪಕ್ಕದ ಮರದ ಬುಡಕ್ಕೆ ಹಾರಿ ಮತ್ತೆ ಹತ್ತಲು ಶುರು.

“ನೋಡೇ, ಇದಕ್ಕೂ ಇಳಿಯೋಕೆ ಬರಲ್ಲ,” ಎಂದು ಅವನು ನಕ್ಕ. ಬಿದ್ದ ಮೇಲೆ ನಕ್ಕಿದ್ದು ಅದೇ ಮೊದಲು. ಅವಳು ಅಡುಗೆಮನೆಗೆ ಹೋಗಿ ಕಣ್ಣೊರೆಸಿಕೊಂಡಳು.

ಆ ವರ್ಷ ಮರದ ಬುಡ ಪೊಳ್ಳಾಯಿತು. ಈಗ ಭಾವನ ಜಾಗದಲ್ಲಿ ಮರ ಹತ್ತುತ್ತಿದ್ದವನು ಅವಳ ತಮ್ಮ. ಅವನು ಕಾಂಡವನ್ನು ಕೊಡಲಿಯ ಹಿಂಬದಿಯಿಂದ ಬಡಿದು ನೋಡಿ, ದೊಡ್ಡ ಗಾಳಿ ಶುರುವಾಗುವುದರೊಳಗೆ ಇಳಿಸಬೇಕು ಎಂದ. ಆದರೆ ಸಡಿಲವಾದ ತೊಗಟೆಯ ಹಿಂದೆ ಹಕ್ಕಿ ಗೂಡು ಕಟ್ಟಿ ಮರಿ ಮಾಡಿತ್ತು. ಮರಿ ಹಾರುವ ತನಕ ಗೂಡಿರುವ ಮರಕ್ಕೆ ಗರಗಸ ಮುಟ್ಟಿಸಬಾರದೆಂಬುದು ಅವರ ಕಸುಬಿನ ಕಟ್ಟುಪಾಡು. ಉಡ ಅದನ್ನು ನೆನಪಿಸಿದ, ಭಾವಮೈದ ಎದುರಾಡಲಿಲ್ಲ. ಮಂಚವನ್ನಾದರೂ ಒಳಕೋಣೆಗೆ ಸರಿಸೋಣವೆಂದು ಅವಳು ಅಂಗಲಾಚಿದಳು. ಮರ ವಾಲಿರುವುದು ಬೇಲಿಯ ಕಡೆಗೆ, ಬಿದ್ದರೆ ಅತ್ತಲೇ ಬೀಳುತ್ತದೆ, ನನಗೇ ಮರದ ಪಾಠ ಹೇಳಬೇಡ ಎಂದು ಉಡ ಗದರಿದ. ಮರದ ವಿಷಯದಲ್ಲಿ ಆ ಮನೆಯಲ್ಲಿ ಅವನ ಮಾತಿಗೆ ಎರಡು ಮಾತಿರಲಿಲ್ಲ.

ಹಗಲೆಲ್ಲ ಅವಳು ತಮ್ಮನ ಜೊತೆ ಕೆಲಸಕ್ಕೆ ಹೋಗಿ, ಸಂಜೆ ಬಂದವಳೇ ಮರಿಗಳ ಸುದ್ದಿ ಕೇಳುತ್ತಿದ್ದಳು. ಇನ್ನೂ ಇವೆ, ತಾಯಿ ಹುಳ ತಂದಿತು, ಒಂದು ಮರಿ ತಲೆ ಹಾಕಿತು ಎಂದು ಅವನು ಬಣ್ಣಿಸುತ್ತಿದ್ದ. ಅವನ ಬಾಯಲ್ಲಿ ಅಷ್ಟು ಮಾತು ಕೇಳಿ ಅವಳಿಗೆ ಹೊಟ್ಟೆ ತುಂಬಿದಂತಾಗುತ್ತಿತ್ತು. ಅಷ್ಟರಲ್ಲಿ ಗಾಳಿ ಜೋರಾಗತೊಡಗಿತು. ಒಂದು ಸಂಜೆ, ತಾನೂ ಒಮ್ಮೆ ಮರಿಗಳನ್ನು ನೋಡೋಣವೆಂದು ಏಣಿ ಹಾಕಿ ಹತ್ತಿದಳು.

ತೊಗಟೆಯ ಸಂದಿಗೆ ಜೇಡ ಬಲೆ ಹೆಣೆದಿತ್ತು. ಒಳಗೆ ಒಣಗಿದ ಹಿಕ್ಕೆ, ಎರಡು ಪುಕ್ಕ. ಮರಿಗಳು ಹೋಗಿ ಯಾವ ಕಾಲವಾಯಿತೋ. ಪಾಪ, ಮರ ಉಳಿಸಿಕೊಳ್ಳಲು ಮಗುವಿನ ಹಾಗೆ ಸುಳ್ಳು ಹೇಳಿದ್ದಾನೆ ಎಂದುಕೊಂಡಳು. ನಗುವೂ ಬಂತು. ಇನ್ನು ಇಳಿಸಲೇಬೇಕಲ್ಲ ಎಂದು, ಕಡಿಯುವ ಮೊದಲು ಯಾವತ್ತೂ ಮಾಡುವಂತೆ, ವಾಲು ಎಷ್ಟಿದೆಯೆಂದು ಅಳೆಯಲು, ಕಲ್ಲು ಕಟ್ಟಿದ ದಾರವನ್ನು ಜೇಬಿನಿಂದ ತೆಗೆದು ಕಾಂಡಕ್ಕೆ ಒತ್ತಿಹಿಡಿದು ಇಳಿಬಿಟ್ಟಳು.

ಕಲ್ಲು ಕಾಂಡದಿಂದ ಗೇಣು ದೂರ ತೂಗಿತು. ಬೇಲಿಯ ಕಡೆಗಲ್ಲ, ಕಿಟಕಿಯ ಕಡೆಗೆ.

ಉಡನಿಗೆ ಗೊತ್ತಾಗದ ವಾಲು ಯಾವುದಿದೆ? ಅವಳು ಕಿಟಕಿಯತ್ತ ತಿರುಗಿ ನೋಡಿದರೆ, ಮಂಚದ ಮೇಲಿಂದ ಅವನು ಆ ದಾರವನ್ನೇ ನೋಡುತ್ತಿದ್ದ.

ಒಳಗೆ ಬಂದು ಬಾಗಿಲ ಬಳಿ ನಿಂತಳು. “ಮರಿ ಯಾವಾಗ ಹಾರಿದ್ವು?”

“ತುಂಬ ದಿನ ಆಯ್ತು.”

“ಗಾಳಿ ಬಂದ್ರೆ ಮರ ಯಾವ ಕಡೆ ಬೀಳುತ್ತೆ?”

ಅವನು ಗೋಡೆಯ ಕಡೆ ಮುಖ ಮಾಡಿದ. “ಈ ಮಂಚದ ಮೇಲೆ.”

ಅವಳಿಗೆ ಅಳು ಬರಲಿಲ್ಲ, ಮೈ ಉರಿಯುವಷ್ಟು ಸಿಟ್ಟು ಬಂತು. ಇಷ್ಟು ದಿನ ಎತ್ತಿ, ಮಗ್ಗುಲು ಬದಲಿಸಿ, ಬಾಯಿಗೆ ತುತ್ತಿಟ್ಟವಳಿಗೆ ಒಂದು ಮಾತೂ ಹೇಳದೆ ಹೊರಟುಬಿಡುವ ಯೋಚನೆ. ಒಳಕೋಣೆಯಿಂದ ತನ್ನ ಮಂಚವನ್ನು ದರದರ ಎಳೆದು ತಂದು, ಅವನದಕ್ಕೂ ಕಿಟಕಿಗೂ ನಡುವೆ ಹಾಕಿ ಮಲಗಿದಳು.

“ಏನ್ ಮಾಡ್ತಿದ್ದೀಯೇ?”

“ಇಲ್ಲಿಗೇ ಬೀಳೋದು ಅಂದ್ರಲ್ಲ. ಬೀಳ್ಲಿ ಬಿಡಿ.”

ಹೊರಗೆ ಗಾಳಿ ಎದ್ದಿತು. ಮರ ನರಳಿತು. ಒಳಗೆ ಹೋಗೆಂದು ಅವನು ಗದರಿದ, ಬೈದ, ಕೊನೆಗೆ ಕೈಮುಗಿದ. ಅವಳು ಕಣ್ಣು ಮುಚ್ಚಿಕೊಂಡೇ ಇದ್ದಳು. ಮರ ಇನ್ನೊಮ್ಮೆ ಲಟಕ್ಕೆಂದಾಗ ಅವನು ಅವಳ ತೋಳು ಹಿಡಿದುಕೊಂಡ.

“ಏಳೇ,” ಎಂದ. “ನನ್ನನ್ನೂ ಒಳಗೆ ಕರ್ಕೊಂಡು ಹೋಗು.”