ಬಿಸಿ ಹತ್ತದ ಕೈ

ಚಚಡಿಯ ಬಾಳವ್ವ ರೊಟ್ಟಿ ಬಡಿಯಲು ಕುಳಿತರೆ ಜನ ನಿಂತು ನೋಡುತ್ತಿದ್ದರು. ಮದುವೆ ಮನೆಯವರೆಲ್ಲ ಅವಳನ್ನೇ ಕರೆಯುತ್ತಿದ್ದರು. ೧೯೯೬ರ ಬೇಸಿಗೆಯಲ್ಲಿ ಅವಳ ಹೆಸರು ಇನ್ನೂ ಹಬ್ಬಿತು. ಉಳಿದವರು ಅರಿವೆಯಿಂದ ಒತ್ತುವ ರೊಟ್ಟಿಯನ್ನು ಅವಳು ಕಾದ ಹಂಚಿನ ಮೇಲೆ ಬರಿಗೈಯಿಂದ ಒತ್ತುತ್ತಿದ್ದಳು.

“ಬಾಳಕ್ಕನ ಕೈಯಾಗ ಎಲ್ಲಮ್ಮ ಕುಂತಾಳ, ಬಿಸೀನ ಹತ್ತಂಗಿಲ್ಲ” ಎನ್ನುತ್ತಿದ್ದರು ಹೆಂಗಸರು.

“ನಿಮ್ಮಂಗ ಬೆಣ್ಣಿ ಕೈ ಅಲ್ಲ ಬಿಡ್ರವಾ ನನ್ನವು” ಎಂದು ಅವಳು ನಗುತ್ತಿದ್ದಳು.

ಊರಿನ ನರ್ಸ್ ಹಸೀನಾಬಿ ಒಂದು ಮದುವೆಯಲ್ಲಿ ಅದನ್ನು ಕಂಡಳು. ಅವಳಿಗೆ ನಗು ಬರಲಿಲ್ಲ. ಬಾಳವ್ವನ ಮೊಣಕೈ ಕೆಳಗೆ ಮಾಸಲು ಮಚ್ಚೆಯೊಂದಿತ್ತು. ಕಿರುಬೆರಳಿನ ಅಂಚು ಸುಟ್ಟು ಗುಳ್ಳೆ ಎದ್ದಿತ್ತು.

“ಈ ಗುಳ್ಳಿ ಯಾವಾಗ ಎದ್ದೈತ್ರಿ, ಬಾಳಕ್ಕಾ?”

“ಯಾವ ಗುಳ್ಳಿ?” ಬಾಳವ್ವ ಅದನ್ನು ಮೊದಲ ಸಲ ನೋಡಿದ್ದೇ ಆಗ.

ಹಸೀನಾಬಿ ಅವಳನ್ನು ಹಿತ್ತಲಿಗೆ ಕರೆದೊಯ್ದಳು. “ಇದು ಕುಷ್ಠ ಇರಬಹುದ್ರಿ. ಈಗ ಗುಳಿಗಿ ಸುರು ಮಾಡಿದ್ರ ಬೆರಳು ಉಳೀತಾವು. ತಡಾ ಮಾಡಿ ಸೊಟ್ಟ ಆದ್ರ, ಎಂಥಾ ದೊಡ್ಡ ದವಾಖಾನಿಗೆ ಹೋದ್ರೂ ಮೊದಲಿನಂಗ ಆಗಂಗಿಲ್ಲ. ನಾಳೆನ ಸವದತ್ತಿಗೆ ಹೋಗೂಣು.”

“ನನ್ನ ಕೈಗೆ ದೃಷ್ಟಿ ಹಚ್ಚಬ್ಯಾಡವಾ!”

“ಹಂಗಾರ ಕಣ್ಣ ಮುಚ್ಚರಿ. ನಾ ಮುಟ್ಟಿದಲ್ಲಿ ಬೆರಳಿಟ್ಟು ತೋರಸ್ರಿ.”

ಹಸೀನಾಬಿ ಹತ್ತಿಯ ಎಳೆಯಿಂದ ಮಚ್ಚೆಯನ್ನು ಮುಟ್ಟಿದಳು. ಮತ್ತೆ ಮುಟ್ಟಿದಳು. ಕೊನೆಗೆ ಪಿನ್ನಿನ ಮೊನೆಯನ್ನೇ ಒತ್ತಿದಳು.

“ಲಗೂನ ಮುಟ್ಟವಾ, ಒಳಗ ಹಂಚು ಕಾಯಾಕ ಹತ್ತೈತಿ” ಎಂದಳು ಬಾಳವ್ವ, ಕಣ್ಣು ಮುಚ್ಚಿಕೊಂಡೇ.