ಸುಣ್ಣದಕ್ಕನ ಗೋಡೆಗಳು

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಖಾಲಿ ಮನೆಯ ನಡುಕೋಣೆಯಲ್ಲಿ ಸುಣ್ಣದಕ್ಕ ಮೂರು ವಾರ ನೆನೆದ ಸುಣ್ಣವನ್ನು ಹಳೆಯ ಹತ್ತಿಬಟ್ಟೆಯಲ್ಲಿ ಸೋಸುತ್ತಿದ್ದಾರೆ. ಕಣ್ಣಿಗೆ ಕನ್ನಡಕ, ಕೈಗೆ ತೇಪೆ ಹಾಕಿದ ರಬ್ಬರ್ ಗವಸು. ಮೊದಲ ಸಲ ಬಳಿದಾಗ ಗೋಡೆಗೆ ಬರೀ ನೀರು ಸವರಿದಂತೆ ಕಾಣುತ್ತದೆ. "ಈಗ ನೋಡಿದವರು ಮೋಸ ಅಂತಾರೆ. ಒಣಗಿ ಬೆಳ್ಳಗಾಗಲಿ, ಆಮೇಲೆ ಮಾತಾಡಲಿ," ಎನ್ನುತ್ತಾ ಏಣಿ ಹತ್ತುತ್ತಾರೆ.

ವಯಸ್ಸು ಐವತ್ತನಾಲ್ಕು. ಕುಂಚ ಹಿಡಿದು ಮೂವತ್ತೊಂದು ವರ್ಷ. ಮೊದಲ ಇಪ್ಪತ್ತೆರಡು ವರ್ಷ ಗಂಡನ ಜೊತೆ ಥಿನ್ನರ್ ಬೆರೆಸಿದ ಎಣ್ಣೆಬಣ್ಣ ಹಚ್ಚಿದರು. ಧೂಳು ಕೂರಬಾರದೆಂದು ಕಿಟಕಿ ಮುಚ್ಚಿಯೇ ಕೆಲಸ. ತಲೆ ಸುತ್ತಿದರೆ ಹೊರಗೆ ಬಂದು ನೀರು ಕುಡಿದು ಮತ್ತೆ ಒಳಗೆ. ಕೊನೆಗೆ ಗಂಡನಿಗೆ ಶ್ವಾಸಕೋಶ ಕೈಕೊಟ್ಟಿತು, ಇವರಿಗೆ ಮೂಗು. ಒಂದು ಮಧ್ಯಾಹ್ನ ಒಲೆಯ ಮೇಲಿನ ಹಾಲು ಸೀದು ಕರಕಲಾದರೂ, ಬೆನ್ನು ಮಾಡಿ ಕೂತಿದ್ದ ಇವರಿಗೆ ತಿಳಿಯಲೇ ಇಲ್ಲ. ಪಕ್ಕದ ಮನೆಯವಳು ಓಡಿಬಂದು ಕೂಗಿದಾಗಲೇ ಗೊತ್ತಾದದ್ದು.

ಆಮೇಲೆ ಅವರು ಎಣ್ಣೆಬಣ್ಣ ಮುಟ್ಟಿಲ್ಲ. ಸುಣ್ಣ, ಇಲ್ಲವೇ ನೀರಿನಲ್ಲಿ ಕಲಸುವ ಬಣ್ಣ. ಅದಕ್ಕೂ ಅಂಗಡಿಯಲ್ಲಿ ಡಬ್ಬಿ ತಿರುಗಿಸಿ ಸಣ್ಣಕ್ಷರ ಓದುತ್ತಾರೆ, ಸೀಸ ಬೆರೆತಿದೆಯೇ ಎಂದು ಕೆದಕಿ ಕೇಳುತ್ತಾರೆ. "ಡಬ್ಬಿ ಮೇಲೆ ಎಲೆ ಚಿತ್ರ ಇದ್ರೆ ಒಳಗಿರೋದು ಎಲೆ ರಸವಾ?" ಎಂಬುದು ಅವರ ಪ್ರಶ್ನೆ. ಅಂಗಡಿಯವನು ಇವರನ್ನು ಕಂಡರೆ ಒಳಗೇನೋ ಕೆಲಸವಿದೆ ಎಂದು ಎದ್ದುಹೋಗುತ್ತಾನೆ.

ಕಳೆದ ವರ್ಷ ಒಬ್ಬ ಮೇಸ್ತ್ರಿ ಅವರನ್ನು ಒಂದು ಮನೆಗೆ ಕಳಿಸಿದ. ಮನೆಯೊಡತಿಗೆ ಎಂಟು ತಿಂಗಳು. ಹುಟ್ಟಲಿರುವ ಮಗುವಿನ ಕೋಣೆಗೆಂದು ಯಜಮಾನ ಹೊಳೆಯುವ ಎಣ್ಣೆಬಣ್ಣ ತಂದಿಟ್ಟಿದ್ದ. ಸುಣ್ಣದಕ್ಕ ಕುಂಚ ಕೆಳಗಿಟ್ಟರು.

"ಈ ಕೋಣೇಲಿ ಬಾಣಂತಿ ಮಲಗೋದು ಬೇಡಪ್ಪ."

ಅವನು ನಕ್ಕ. "ನಿಮಗೆ ವಾಸನೆನೇ ಗೊತ್ತಾಗಲ್ವಂತೆ, ನೀವು ಹೇಳ್ತೀರಾ?"

"ಗೊತ್ತಾಗಲ್ಲ, ಅದಕ್ಕೇ ಹೇಳ್ತಿದೀನಿ."

ಏಣಿ ಹೆಗಲಿಗೇರಿಸಿ ಹೊರಟರು. ಬೀದಿಯ ತಿರುವಿನಲ್ಲಿ ಯಾರೋ ಕೂಗಿದಂತಾಯಿತು. ತುಂಬು ಬಸುರಿ, ಏದುಸಿರು ಬಿಡುತ್ತಾ ಬರುತ್ತಿದ್ದಳು. "ಅಕ್ಕಾ, ನಿಲ್ಲಿ. ನಿಮ್ಮ ಸುಣ್ಣಾನೇ ಬಳೀರಿ. ಅವರಿಗೆ ನಾನು ಹೇಳ್ಕೋತೀನಿ."

ಆ ಕೋಣೆಗೆ ಸುಣ್ಣ ಬಿತ್ತು. ಆದರೆ ಗಿರಾಕಿಗೆ ಎದುರು ಮಾತಾಡಿದಳೆಂದು ಮೇಸ್ತ್ರಿ ಮತ್ತೆ ಕರೆಯಲಿಲ್ಲ, ಉಳಿದ ಮೇಸ್ತ್ರಿಗಳಿಗೂ ಸುದ್ದಿ ಮುಟ್ಟಿಸಿದ. ತಿಂಗಳಿಗೆ ಆರು ಮನೆ ಸಿಗುತ್ತಿದ್ದಲ್ಲಿ ಈಗ ಒಂದು ಸಿಕ್ಕರೆ ಪುಣ್ಯ.

ಸಂಜೆ ಅವರ ಬಾಡಿಗೆ ಕೋಣೆಗೆ ಹೋದರೆ, ಗಂಡ ಗೋಡೆಗೊರಗಿ ಕೂತೇ ನಿದ್ದೆ ಮಾಡುತ್ತಿದ್ದಾರೆ. ಮಲಗಿದರೆ ಉಸಿರು ಕಟ್ಟುತ್ತದೆ. ಅವರ ಬೆನ್ನ ಹಿಂದಿನ ಗೋಡೆ ಕನ್ನಡಿಯಂತೆ ಹೊಳೆಯುತ್ತದೆ. ಅದೂ ಎಣ್ಣೆಬಣ್ಣವೇ. ಕೆರೆದು ತೆಗೆಯದೆ ಅದರ ಮೇಲೆ ಸುಣ್ಣ ಹಿಡಿಯದು, ಕೆರೆದರೆ ಏಳುವ ಪುಡಿಯನ್ನು ಆ ಎದೆ ತಾಳದು.

"ಇವರನ್ನ ಎರಡು ದಿನ ಇಟ್ಕೊಳ್ಳೋರು ಸಿಕ್ರೆ ಗೋಡೆ ಕೆರೀಬೇಕು ಅಂತ ಆಸೆ," ಎನ್ನುತ್ತಾರೆ ಸುಣ್ಣದಕ್ಕ. ಗಂಡನಿಗೆ ಎಚ್ಚರವಾಗದಂತೆ ದನಿ ತಗ್ಗಿಸುತ್ತಾರೆ. "ಆದ್ರೆ ಕೈ ಬರಲ್ಲ. ಇದು ಇವರೇ ಹಚ್ಚಿದ್ದು. ನೋಡಿ, ಎಲ್ಲಾದ್ರೂ ಒಂದು ಹನಿ ಬಣ್ಣ ಇಳಿದಿದೆಯಾ?"